ಪಶುವೈದ್ಯ ಪ್ರಶ್ನೋತ್ತರ: ವಿದ್ಯಾರ್ಥಿಯ ಕೈಗೆ ನಾಯಿ ಕೊಡುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯ ಉಚಿತ ಪಶು ಚಿಕಿತ್ಸಾ ಶಿಬಿರಕ್ಕೆ ಪಶುವೈದ್ಯಕೀಯ ವಿದ್ಯಾರ್ಥಿಗಳು ಬರುತ್ತಾರೆ. ಒಂದು ನಾಯಿಯ ಸುತ್ತ ಆರು ಜನ ನಿಂತು ನೋಡುವುದೇ ಆಗಿದೆ. ಕೆಲಸ ಹೇಗೆ ಹಂಚಬೇಕು?
– ಸ್ವಯಂಸೇವಕರು, ಯಲಹಂಕ

ಉತ್ತರ: ಒಂದು ನಾಯಿಗೆ ಇಬ್ಬರೇ ಸಾಕು. ಒಬ್ಬರು ಹಿಡಿಯಲಿ, ಇನ್ನೊಬ್ಬರು ಪರೀಕ್ಷಿಸಲಿ. ಮುಂದಿನ ನಾಯಿಗೆ ಜಾಗ ಬದಲಾಗಲಿ. ಚೀಟಿ ಬರೆಯುವುದರಿಂದ ಮನೆಗೆ ಕಳಿಸುವವರೆಗೂ ಆ ನಾಯಿ ಅವರದೇ ಜವಾಬ್ದಾರಿ.

ರೇಬೀಸ್ ಮುಂಜಾಗ್ರತಾ ಲಸಿಕೆ (0, 7 ಮತ್ತು 21 ಅಥವಾ 28ನೇ ದಿನ) ಮುಗಿಸದವರು ನಾಯಿ ಮುಟ್ಟಕೂಡದು. ಇದರಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಲಸಿಕೆ ಆದವರಿಗೂ ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, 0 ಮತ್ತು 3ನೇ ದಿನ ಮತ್ತೆ ಲಸಿಕೆ ಹಾಕಿಸಬೇಕು.

ಮನೆಯವರು ‘ಊಟ ಬಿಟ್ಟಿದೆ’ ಎಂದಷ್ಟೇ ಹೇಳುತ್ತಾರೆ. ಎಷ್ಟು ದಿನದಿಂದ, ನೀರು ಕುಡಿಯುತ್ತಿದೆಯೇ, ವಾಂತಿ ಎಷ್ಟು ಸಲ ಎಂದು ಕೆದಕುವುದು ವಿದ್ಯಾರ್ಥಿಯ ಕೆಲಸ. ತೂಕ, ಒಸಡಿನ ಬಣ್ಣ, ಮೈ ಬಿಸಿ (ಸಹಜವಾಗಿ 100.5–102.5 ಡಿಗ್ರಿ ಫ್ಯಾರನ್‌ಹೀಟ್) ಬರೆದುಕೊಂಡು, ತನಗೆ ಏನನ್ನಿಸುತ್ತದೆ ಎಂದು ಮೊದಲು ತಾನೇ ಹೇಳಲಿ, ವೈದ್ಯರು ಆಮೇಲೆ ಮಾತಾಡಲಿ. ಔಷಧ ಚೀಟಿಗೆ ಸಹಿ ಮಾತ್ರ ನೋಂದಾಯಿತ ಪಶುವೈದ್ಯರದೇ.

ಮೂತಿ ಕಟ್ಟಲು ಸುಮಾರು ಒಂದು ಮೀಟರ್ ಗಾಜ್ ಬ್ಯಾಂಡೇಜ್ ಬೇಕು. ಮೂಗಿನ ಮೇಲೊಂದು ಗಂಟು, ಗದ್ದದ ಕೆಳಗೊಂದು, ಕೊನೆಯದು ಕಿವಿಯ ಹಿಂದೆ. ವಾಂತಿ ಮಾಡುತ್ತಿರುವ, ಏದುಸಿರು ಬಿಡುತ್ತಿರುವ ನಾಯಿಗೆ ಮಾತ್ರ ಕಟ್ಟಬೇಡಿ. ವಾಂತಿ ಶ್ವಾಸನಾಳಕ್ಕೆ ಇಳಿದೀತು, ಬಿಸಿಲಿನಲ್ಲಿ ಮೈ ಕಾದೀತು.

ಹೆಚ್ಚು ತಪ್ಪಾಗುವುದು ಡ್ರಿಪ್ ಹಾಕುವಾಗ. ಮುಂಗಾಲಿನ ರಕ್ತನಾಳಕ್ಕೆ ಪಾದದ ಕಡೆಯಿಂದ ಚುಚ್ಚಲು ಶುರುಮಾಡಬೇಕು. ಅಲ್ಲಿ ನಾಳ ಒಡೆದರೂ ಮೇಲೆ ಜಾಗ ಉಳಿಯುತ್ತದೆ. ನಾಳ ಉಬ್ಬಲೆಂದು ಕಾಲಿಗೆ ಬಿಗಿದ ಪಟ್ಟಿಯನ್ನು ಸೂಜಿ ಒಳಗೆ ಹೋದ ಮೇಲೆ ಬಿಚ್ಚಲು ಮರೆತರೆ ದ್ರವ ಇಳಿಯದು, ಕಾಲು ಊದುತ್ತದೆ. ಎರಡು ಸಲ ತಪ್ಪಿದರೆ ವೈದ್ಯರಿಗೇ ಬಿಟ್ಟುಕೊಡಬೇಕು, ಇದು ನಿಯಮವಾಗಿರಲಿ. ಎಷ್ಟು ದ್ರವ ಬೇಕೆಂಬ ಲೆಕ್ಕವನ್ನೂ ವಿದ್ಯಾರ್ಥಿಗಳಿಂದಲೇ ಮಾಡಿಸಿ: 10 ಕೆ.ಜಿ. ನಾಯಿ ಶೇ. 8ರಷ್ಟು ನಿರ್ಜಲೀಕರಣಗೊಂಡಿದ್ದರೆ ಕೊರತೆ 800 ಮಿ.ಲೀ.; ಕೆ.ಜಿ.ಗೆ 50ರಂತೆ ದಿನದ ಅಗತ್ಯ 500. ಒಟ್ಟು 1300 ಮಿ.ಲೀ.ಯನ್ನು 24 ಗಂಟೆಯಲ್ಲಿ ಕೊಡಲು, ಮಿ.ಲೀ.ಗೆ 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ 18 ಹನಿ. ಅರ್ಧ ದಿನದ ಶಿಬಿರದಲ್ಲಿ ಇದು ಮುಗಿಯದು. ಡ್ರಿಪ್ ಶುರುಮಾಡಿ, ಲೆಕ್ಕ ಬರೆದ ಚೀಟಿಯ ಜೊತೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಕಡೆಗೆ ಕಳಿಸಬೇಕು.

ಪ್ರಶ್ನೆ: ರೇಬೀಸ್ ಲಸಿಕೆ ಹಾಕುವ ದಿನ ವಿದ್ಯಾರ್ಥಿಗಳಿಗೆ ಏನು ಹೇಳಬೇಕು?
– ಓದುಗರು, ಕೆಂಗೇರಿ

ಉತ್ತರ: ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಬಾಟಲಿ ನೇರವಾಗಿ ಐಸ್‌ಗೆ ತಗುಲದಂತೆ ನಡುವೆ ರಟ್ಟು ಇಡಿಸಿ. ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸಬಾರದು. ಮರಿ ಚಿಕ್ಕದೆಂದು ಅರ್ಧ ಡೋಸ್ ಕೊಡುವ ವಿದ್ಯಾರ್ಥಿಗಳಿದ್ದಾರೆ. ಮೂರು ತಿಂಗಳ ಮರಿಗೂ ದೊಡ್ಡ ನಾಯಿಗೂ ಪೂರ್ತಿ 1 ಮಿ.ಲೀ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ನೇರ ಸೂಜಿ ಡಬ್ಬಿಗೆ ಹಾಕಲಿ.