ಒಂದೇ ಕಾರ್ಯಕ್ರಮದ ಮೂರು ಕ್ಯಾಸೆಟ್‌ಗಳಿದ್ದರೆ ಯಾವುದನ್ನು ಇಟ್ಟುಕೊಳ್ಳಬೇಕು?

ಹಳೆಯ ರಾಕ್ ಕಾರ್ಯಕ್ರಮಗಳಲ್ಲಿ ಗುಟ್ಟಾಗಿ ಮುದ್ರಿಸಿಕೊಂಡ, ಬೂಟ್‌ಲೆಗ್ ಎಂದು ಕರೆಯುವ ಕ್ಯಾಸೆಟ್‌ಗಳ ಪೆಟ್ಟಿಗೆಯೊಂದು ನಿಮ್ಮ ಕೈಸೇರಿದೆ. ಒಂದೇ ಕಾರ್ಯಕ್ರಮದ ಎರಡು ಮೂರು ಟೇಪುಗಳಿದ್ದರೆ ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಕೇಳಿದ್ದೀರಿ. ಇಪ್ಪತ್ತು ವರ್ಷಗಳಿಂದ ನಾನು ಇಂಥವನ್ನು ಕೂಡಿಹಾಕುತ್ತಿದ್ದೇನೆ. ನಾನಾದರೆ ಮೊದಲು ನೋಡುವುದು ಆ ಟೇಪು ಮೂಲದಿಂದ ಎಷ್ಟನೆಯ ತಲೆಮಾರಿನದು ಎಂಬುದನ್ನು.

ಕ್ಯಾಸೆಟ್‌ನ ಟೇಪು ಕೇವಲ 3.81 ಮಿಲಿಮೀಟರ್ ಅಗಲ. ಎರಡೂ ಬದಿಗಳ ಎಡ ಬಲ ಧ್ವನಿಗಳು ಸೇರಿ ನಾಲ್ಕು ಪಟ್ಟಿಗಳು ಅಷ್ಟರಲ್ಲೇ ಹಿಡಿಯಬೇಕು, ಅದೂ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ. ಹೀಗಾಗಿ ‘ಉಸ್’ ಎನ್ನುವ ಸದ್ದು ಅದರ ಹುಟ್ಟುಗುಣ. ಪ್ರತಿ ಮಾಡಿದಾಗಲೆಲ್ಲ ಹಳೆಯ ಉಸ್ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ, ಯಂತ್ರಗಳ ವೇಗದ ಓಲಾಟವೂ ಕೂಡಿಕೊಳ್ಳುತ್ತದೆ. ಐದನೇ ತಲೆಮಾರಿಗೆ ಬರುವಷ್ಟರಲ್ಲಿ ಡ್ರಮ್ಮನ್ನು ಪಕ್ಕದ ಮನೆಯಲ್ಲಿ ಬಾರಿಸಿದಂತೆ ಕೇಳಿಸುತ್ತದೆ. ಆದ್ದರಿಂದಲೇ ಎಚ್ಚರದ ಸಂಗ್ರಾಹಕರು ಡಬ್ಬಿಯ ಕಾಗದದ ಮೇಲೆ ದಿನಾಂಕ, ಸ್ಥಳ, ಹಾಡುಗಳ ಕ್ರಮದ ಜೊತೆಗೆ ತಲೆಮಾರನ್ನೂ ಬರೆದಿಡುತ್ತಿದ್ದರು.

ಕಾಗದ ಸುಳ್ಳು ಹೇಳುವುದೂ ಉಂಟು. ವಿನಿಮಯದಲ್ಲಿ ನನಗೆ ಬಂದ 90 ನಿಮಿಷದ ಟೇಪೊಂದರ ಮೇಲೆ ‘ಮೊದಲ ಪ್ರತಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಮೊದಲ ಬದಿಯ 30ನೇ ನಿಮಿಷದಲ್ಲಿ ಗಿಟಾರ್ ನುಡಿಕೆ ನಡುವೆಯೇ ಕಡಿದು, ‘ಟಕ್’ ಎಂದು ಸದ್ದಾಗಿ, ಕೆಲವು ಸ್ವರಗಳನ್ನು ನುಂಗಿ ಮುಂದುವರಿಯಿತು. ಎರಡನೆಯ ಬದಿ ಶುರುವಾಗಿ ಐದು ನಿಮಿಷಕ್ಕೆ ಮತ್ತೊಂದು ‘ಟಕ್’, ಅದೂ ಹಾಡಿನ ನಡುವೆಯೇ. ಮೊದಲನೆಯದು ಬದಿಗೆ 30 ನಿಮಿಷ ಹಿಡಿಯುವ 60 ನಿಮಿಷದ ಟೇಪನ್ನು ಮಗುಚಿದ ಗುರುತು, ಆರಂಭದಿಂದ 50ನೇ ನಿಮಿಷಕ್ಕೆ ಬಂದ ಎರಡನೆಯದು 100 ನಿಮಿಷದ್ದನ್ನು ಮಗುಚಿದ ಗುರುತು. ಅವೆರಡರಲ್ಲಿ ಯಾವುದೋ ಒಂದು ಮೂಲವೆಂದೇ ಇಟ್ಟುಕೊಂಡರೂ ನನ್ನ ಕೈಯಲ್ಲಿದ್ದದ್ದು ಎರಡನೆಯ ಪ್ರತಿಗಿಂತ ಹಿಂದಿನದಾಗಿರಲು ಸಾಧ್ಯವಿರಲಿಲ್ಲ. ಅಂದಿನಿಂದ ನಾನು ಕಾಗದಕ್ಕಿಂತ ಈ ‘ಟಕ್’ಗಳನ್ನೇ ಹೆಚ್ಚು ನಂಬುತ್ತೇನೆ.

ವೇದಿಕೆಯ ಧ್ವನಿಗಳನ್ನೆಲ್ಲ ಬೆರೆಸುವ ಸೌಂಡ್‌ಬೋರ್ಡಿನಿಂದ ನೇರವಾಗಿ ತೆಗೆದ ಮುದ್ರಣವೇ ಸದಾ ಮೇಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಣ್ಣ ಸಭಾಂಗಣದಲ್ಲಿ ಗಿಟಾರಿನ ಆಂಪ್ಲಿಫೈಯರ್ ತಾನಾಗಿಯೇ ಸಾಕಷ್ಟು ಜೋರಾಗಿರುವುದರಿಂದ ಬೋರ್ಡಿಗೆ ಅದನ್ನು ಕೊಂಚವೇ ಕೊಟ್ಟಿರುತ್ತಾರೆ. ಟೇಪಿನಲ್ಲಿ ಗಾಯಕರ ಕಂಠ ಮಾತ್ರ ಮುಂದೆ ಬಂದು ಗಿಟಾರ್ ಎಲ್ಲೋ ಹಿಂದೆ ಉಳಿಯುತ್ತದೆ. ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನುಡಿಸಿದ್ದನ್ನು ಬೆಟ್ಟಿ ಕ್ಯಾಂಟರ್-ಜಾಕ್ಸನ್ ಬೋರ್ಡಿನಿಂದಲೇ ಮುದ್ರಿಸಿದರು, ಅದು ಅದ್ಭುತವಾಗಿದೆ, ನಿಜ. ಆದರೆ ಅದೇ ವರ್ಷದ ಜೂನ್ 21ರಂದು ಇಂಗಲ್‌ವುಡ್‌ನ ಫೋರಂ ಸಭಾಂಗಣದಲ್ಲಿ ಲೆಡ್ ಜೆಪ್ಪೆಲಿನ್ ತಂಡ ನುಡಿಸಿದ್ದನ್ನು ಪ್ರೇಕ್ಷಕರ ನಡುವೆ ಕುಳಿತು ನಕಾಮಿಚಿ 550 ಯಂತ್ರದಲ್ಲಿ ಹಿಡಿದ ಮೈಕ್ ಮಿಲಾರ್ಡ್ ಅವರ ಟೇಪನ್ನು ಕೇಳಿದವರು ಪ್ರೇಕ್ಷಕರ ಮುದ್ರಣವನ್ನು ಹಗುರವಾಗಿ ಕಾಣಲಾರರು. ಯಂತ್ರವನ್ನು ಅವರು ಗಾಲಿಕುರ್ಚಿಯಲ್ಲಿ ಅಡಗಿಸಿ ಒಳಗೆ ಒಯ್ಯುತ್ತಿದ್ದರು.

ಟೇಪು ಮಂಕಾಗಿ ಕೇಳಿಸಿತೆಂದು ಕೂಡಲೇ ಕೈಬಿಡಬೇಡಿ. ಮುದ್ರಿಸಿದ ಯಂತ್ರದಲ್ಲಿ ಟೇಪಿಗೆ ತಾಗುವ ಭಾಗವಾದ ಹೆಡ್ ಮತ್ತು ನಿಮ್ಮ ಯಂತ್ರದ ಹೆಡ್ ಒಂದೇ ಕೋನದಲ್ಲಿ ಇಲ್ಲದಿದ್ದರೆ ಮೇಲಿನ ಸ್ವರಗಳೆಲ್ಲ ಸತ್ತುಹೋಗುತ್ತವೆ. ಹೆಡ್ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಸಿಂಬಲ್ ಸ್ಪಷ್ಟವಾಗುವ ಜಾಗದಲ್ಲಿ ನಿಲ್ಲಿಸಿ. ಉಸ್ ಸದ್ದನ್ನು ತಗ್ಗಿಸುವ ಡಾಲ್ಬಿ ಇಲ್ಲದೆ ಮುದ್ರಿಸಿದ್ದನ್ನು ಡಾಲ್ಬಿ ಹಾಕಿ ಕೇಳಿದರೂ ಹೀಗೆಯೇ ಮಂಕಾಗುತ್ತದೆ. ಬದಿ ಮುಗಿಯುತ್ತ ಬಂದಂತೆ ಶ್ರುತಿ ಏರುತ್ತ ಹೋದರೆ, ಮುದ್ರಿಸುವಾಗ ಬ್ಯಾಟರಿ ಸೊರಗಿ ಯಂತ್ರ ನಿಧಾನವಾಗಿತ್ತೆಂದು ತಿಳಿಯಿರಿ. ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಅದನ್ನು ಸರಿಪಡಿಸಬಹುದು. ಯಂತ್ರಕ್ಕೆ ಹಾಕುವ ಮುನ್ನ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಟ್ಟರೆ ತಪ್ಪಿ ಅಳಿಸಿಹೋಗುವ ಭಯವಿರುವುದಿಲ್ಲ.

ಮಾರುವ ಯೋಚನೆಯಿದ್ದರೆ ಬಿಟ್ಟುಬಿಡಿ. ಗ್ರೇಟ್‌ಫುಲ್ ಡೆಡ್ 1984ರಲ್ಲಿ ಮುದ್ರಿಸುವವರಿಗಾಗಿ ಪ್ರತ್ಯೇಕ ಜಾಗವನ್ನೇ ಮಾಡಿಕೊಟ್ಟಿತು, ಆದರೆ ಆ ಟೇಪುಗಳನ್ನು ಹಣಕ್ಕೆ ಮಾರಲು ಅವರೂ ಒಪ್ಪುತ್ತಿರಲಿಲ್ಲ. ಖಾಲಿ ಟೇಪು ಮತ್ತು ಅಂಚೆ ವೆಚ್ಚ ಕಳಿಸಿದವರಿಗೆ ಪ್ರತಿ ಮಾಡಿಕೊಡುವುದು ಸಂಗ್ರಾಹಕರ ರೂಢಿ.

ಕೊನೆಗೆ ಉಳಿಯುವುದು ನೀವು ಬೇಡವೆಂದು ಪಕ್ಕಕ್ಕಿಟ್ಟ ಪ್ರತಿ. ಇಟ್ಟುಕೊಂಡ ಪ್ರತಿ 90 ನಿಮಿಷದ ಟೇಪಾಗಿದ್ದರೆ, ಇದನ್ನು ಎಸೆಯುವ ಮೊದಲು 45ನೇ ನಿಮಿಷದ ಆಸುಪಾಸನ್ನು ಕೇಳಿ: ಅದು ಬೇರೆಯವರು ಬೇರೆ ಅಳತೆಯ ಟೇಪಿನಲ್ಲಿ ಮುದ್ರಿಸಿದ್ದಾದರೆ, ಒಳ್ಳೆಯ ಪ್ರತಿಯಲ್ಲಿ ಟೇಪು ಮಗುಚುವಾಗ ಕಳೆದುಹೋದ ಅರ್ಧ ನಿಮಿಷ ಅದರಲ್ಲಿ ಇದ್ದರೂ ಇರಬಹುದು.