ಹಳೇ ಸ್ಯಾನ್ ಸ್ಟಾರ್ಮ್: ಇರುವ ಎಂಜಿನ್ ರಿಪೇರಿ ಮಾಡಿಸೋದಾ, ದೊಡ್ಡ ಎಂಜಿನ್ ಕೂರಿಸೋದಾ?

ಪ್ರಶ್ನೆ ನೋಡಿದೆ. ಮಾವನ ಸ್ಯಾನ್ ಸ್ಟಾರ್ಮ್ (ಇಬ್ಬರೇ ಕೂರುವ ಫೈಬರ್ ಬಾಡಿಯ ಪೆಟ್ರೋಲ್ ಕಾರು), ಕಾರವಾರದ ಮನೆಯ ಶೆಡ್‌ನಲ್ಲಿ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಈಗ ಸ್ಟಾರ್ಟ್ ಆಗುತ್ತದೆ, ಆದರೆ ನೀಲಿ ಹೊಗೆ, ಆಯಿಲ್ ಕುಡಿಯುತ್ತದೆ, ಅಣಶಿ ಘಾಟ್ ಹತ್ತುವಾಗ ದಮ್ಮಿಲ್ಲ. ಒಬ್ಬ ಮೆಕ್ಯಾನಿಕ್ ಎಂಜಿನ್ ಇಳಿಸಿ ಬೋರ್ ಮಾಡಿಸಿ (ಅಂದರೆ ಸವೆದ ಸಿಲಿಂಡರ್‌ನ ಒಳಗೋಡೆ ಕೊರೆದು ಅಗಲ ಮಾಡಿಸಿ) ಎನ್ನುತ್ತಾನೆ, ಇನ್ನೊಬ್ಬ ಹಳೇ ಮಾರುತಿ ಎಸ್ಟೀಮ್‌ನ 1.3 ಲೀಟರ್ ಎಂಜಿನ್ ಕೂರಿಸೋಣ ಎನ್ನುತ್ತಾನೆ. ಯಾವುದು ಸರಿ ಅಂತ ಕೇಳಿದ್ದೀರಿ.

ನಾನು ಕುಮಟಾ ಕಡೆಯವನು. ಹಳೇ ಪೆಟ್ರೋಲ್ ಕಾರುಗಳ ಎಂಜಿನ್ ಕೆಲಸವೇ ನನ್ನ ಹೊಟ್ಟೆಪಾಡು. ಇರುವ ಎಂಜಿನ್ನನ್ನೇ ಉಳಿಸಿಕೊಳ್ಳಿ, ಎಸ್ಟೀಮ್ ಆಸೆ ಬಿಡಿ ಅಂತಲೇ ನಾನು ಹೇಳುವುದು. ಆದರೆ ಅದನ್ನು ಈಗಲೇ ಬಿಚ್ಚಬೇಕಾ ಅನ್ನುವುದೇ ಇನ್ನೂ ಗೊತ್ತಾಗಿಲ್ಲ, ಅಲ್ವಾ?

ನಿಂತಿದ್ದ ಕಾರಿನ ಹೊಗೆ ಬೇರೆ, ದಿನಾ ಓಡಿ ಸವೆದ ಕಾರಿನ ಹೊಗೆ ಬೇರೆ. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದು ಮುಚ್ಚುವ ಪಿಸ್ಟನ್ ರಿಂಗು ನಿಂತಲ್ಲೇ ಅಂಟಿಕೊಳ್ಳುತ್ತದೆ. ವಾಲ್ವ್ ಪಕ್ಕದಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್‌ನ ರಬ್ಬರ್ ಗಟ್ಟಿಯಾಗುತ್ತದೆ. ಹಾಗಾಗಿ ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆಸಿ, ಟೈಮಿಂಗ್ ಬೆಲ್ಟ್ ಹೊಸದು ಹಾಕಿಸಿ (ಅಷ್ಟು ವಯಸ್ಸಾದ ಬೆಲ್ಟ್ ನಂಬಿ ಘಾಟ್ ಹತ್ತಿದ್ದೇ ನಿಮ್ಮ ಧೈರ್ಯ ಮಾರಾಯ್ರೇ), ಆಯಿಲ್, ಫಿಲ್ಟರ್ ಬದಲಿಸಿ, ಬ್ರೀದರ್ ಪೈಪ್ (ಎಂಜಿನ್ ಒಳಗಿನ ಗಾಳಿಯ ಒತ್ತಡ ಹೊರಬಿಡುವ ಪೈಪ್) ಬಿಚ್ಚಿ ತೊಳೆಸಿ. ಬ್ರೀದರ್ ಕಟ್ಟಿಕೊಂಡಿದ್ದರೂ ಎಂಜಿನ್ ಆಯಿಲ್ ಸುಡುತ್ತದೆ, ಇದನ್ನು ಯಾರೂ ನೋಡುವುದೇ ಇಲ್ಲ. ಆಮೇಲೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ. ರಿಂಗು ಬಿಟ್ಟುಕೊಂಡು ಹೊಗೆ ತಾನಾಗಿ ಕಡಿಮೆಯಾಗುವುದೂ ಉಂಟು.

ಕಡಿಮೆಯಾಗದಿದ್ದರೆ ಹೊಗೆ ಯಾವಾಗ ಬರುತ್ತದೆ ನೋಡಿ. ನಮ್ಮ ಕಡೆ ಇದಕ್ಕೆ ದೇವಿಮನೆ ಘಾಟ್ ಒಳ್ಳೆಯ ಜಾಗ. ಶಿರಸಿ ಕಡೆಯಿಂದ ಇಳಿಯುವಾಗ ಮೂರನೇ ಗೇರ್‌ನಲ್ಲಿ ಹಾಕಿ ಆಕ್ಸಿಲರೇಟರ್ ಪೂರ್ತಿ ಬಿಡಿ, ಸ್ವಲ್ಪ ದೂರ ಹಾಗೇ ಇಳಿದು ಮತ್ತೆ ಒತ್ತಿ, ಕನ್ನಡಿಯಲ್ಲಿ ನೋಡಿ. ಒತ್ತಿದ ಕ್ಷಣ ಗುಪ್ಪೆಂದು ನೀಲಿ ಹೊಗೆ ಬಂದು ನಿಂತುಹೋದರೆ ಅದು ವಾಲ್ವ್ ಸೀಲ್ ಅಥವಾ ಗೈಡ್ (ವಾಲ್ವ್ ಮೇಲೆ ಕೆಳಗೆ ಓಡಾಡುವ ಕೊಳವೆ). ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಹೊಗೆ ಬಂದರೂ ಅದೇ ಕಥೆ. ಅದಕ್ಕೆ ಹೆಡ್ (ವಾಲ್ವ್‌ಗಳು ಕೂರುವ ಎಂಜಿನ್ನಿನ ಮೇಲ್ಭಾಗ) ಕೆಲಸ ಸಾಕು, ಎಂಜಿನ್ ಇಳಿಸುವುದೇ ಬೇಡ. ಏರುವಾಗ ಉದ್ದಕ್ಕೂ ಹೊಗೆ ಬಿಟ್ಟರೆ ರಿಂಗು, ಬೋರ್.

ಇದರ ಜೊತೆ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಅಂದರೆ ಒಂದೊಂದು ಸಿಲಿಂಡರ್‌ನಲ್ಲೂ ಎಷ್ಟು ಒತ್ತಡ ಬರುತ್ತದೆ ಅಂತ ಗೇಜ್ ಇಟ್ಟು ನೋಡುವುದು. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದಿರಬೇಕು. ನಾಲ್ಕು ಸಿಲಿಂಡರ್‌ಗೂ ನಂಬರ್ ಬರೆದುಕೊಳ್ಳಿ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ನಂಬರ್ ಏರಿದರೆ ರಿಂಗು ಸವೆದಿದೆ. ಏರದೆ ಅಲ್ಲೇ ನಿಂತರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವಾದರೆ ಹೆಡ್ ಅಡಿಯ ಗ್ಯಾಸ್ಕೆಟ್ ಹೋಗಿದೆ. ಈ ಟೆಸ್ಟ್ ಮಾಡದೆ ಬರೀ ಹೊಗೆ ನೋಡಿ "ಬೋರ್ ಮಾಡಿಸಿ" ಎನ್ನುವವನ ಕೈಗೆ ಕಾರು ಕೊಡಬೇಡಿ.

ಹೆಡ್ ಎತ್ತಿದ ದಿನ ನೀವೂ ಗ್ಯಾರೇಜಿನಲ್ಲಿರಿ. ಪಿಸ್ಟನ್ ಕೆಳಗಿಳಿಸಿ, ಸಿಲಿಂಡರ್ ಗೋಡೆ ಒರೆಸಿ, ಉಗುರನ್ನು ಕೆಳಗಿನಿಂದ ಮೇಲ್ತುದಿಯ ಕಡೆಗೆ ಎಳೆಯಿರಿ. ರಿಂಗು ತಲುಪುವ ಮೇಲಿನ ಗಡಿಯಲ್ಲಿ ಉಗುರು ಗಟ್ಟಿಯಾಗಿ ಸಿಕ್ಕಿಕೊಂಡರೆ ಅಲ್ಲಿಂದ ಕೆಳಗೆ ಗೋಡೆ ಸವೆದಿದೆ ಎಂದರ್ಥ. ನಿಂತ ಕಾರಿನಲ್ಲಿ ಇನ್ನೊಂದು ನೋಡಬೇಕು. ಪಿಸ್ಟನ್ ನಿಂತಿದ್ದ ಜಾಗದಲ್ಲೇ ಸುತ್ತಲೂ ಕಂದು ಬಣ್ಣದ ತುಕ್ಕಿನ ಗೆರೆ ಇರುತ್ತದೆ. ಬರೀ ಕಲೆಯಾದರೆ ಹೋನಿಂಗ್‌ನಲ್ಲಿ (ಗೋಡೆಯನ್ನು ಕಲ್ಲಿನಿಂದ ತೆಳುವಾಗಿ ಉಜ್ಜುವುದು) ಹೋಗುತ್ತದೆ, ಗುಳಿ ಬಿದ್ದಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್, ಅಂದರೆ ಒಂದಿಷ್ಟು ದಪ್ಪದ ಪಿಸ್ಟನ್ ಹಾಕಲೇಬೇಕು. ಕೊನೆಯ ತೀರ್ಮಾನ ಮಾತ್ರ ಸಿಲಿಂಡರ್‌ನ ಒಳಅಳತೆ ತೆಗೆಯುವ ಬೋರ್ ಗೇಜ್‌ನದು. ಮೇಲೆ, ನಡುವೆ, ಕೆಳಗೆ ಅಳೆಯಬೇಕು, ಅಡ್ಡಡ್ಡಲೂ ಉದ್ದುದ್ದಲೂ ಅಳೆಯಬೇಕು, ಯಾಕೆಂದರೆ ಸಿಲಿಂಡರ್ ದುಂಡಗೆ ಸವೆಯುವುದಿಲ್ಲ, ಮೊಟ್ಟೆಯ ಹಾಗೆ ಸವೆಯುತ್ತದೆ. ಬೋರಿಂಗ್ ಕೆಲಸಕ್ಕೆ ನಾನು ಹುಬ್ಬಳ್ಳಿಗೇ ಕಳಿಸುತ್ತೇನೆ. ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಬೋರ್ ಮಾಡಿಸಿ, ಮೊದಲೇ ಬೋರ್ ಮಾಡಿಸಿ ಪಿಸ್ಟನ್ ಹುಡುಕಲು ಹೊರಡಬೇಡಿ.

ಇನ್ನು ದೊಡ್ಡ ಎಂಜಿನ್ ವಿಚಾರ. ನಿಮ್ಮ ಕಾರು ಗೋವಾದಲ್ಲಿ ತಯಾರಾದದ್ದು, ಆದರೆ ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ, ಡಿ7ಎಫ್ ಅನ್ನುವ ಮಾಡೆಲ್, 8 ವಾಲ್ವ್, ಸುಮಾರು 60 ಬಿಎಚ್‌ಪಿ. ಯುರೋಪಿನಲ್ಲಿ ಇದೇ ಎಂಜಿನ್ ಕ್ಲಿಯೋ, ಟ್ವಿಂಗೋ ಕಾರುಗಳಲ್ಲಿ ಬಂದಿದೆ. ಹಾಗಾಗಿ ಬಾಡಿಯ ಬಿಡಿಭಾಗಕ್ಕೆ ಅಲೆದಾಡಬೇಕೇ ಹೊರತು ರಿಂಗು, ಬೇರಿಂಗ್, ಗ್ಯಾಸ್ಕೆಟ್‌ಗೆ ದಾರಿ ಇದೆ. ತರಿಸಬೇಕು, ಕಸ್ಟಮ್ಸ್ ಕಟ್ಟಬೇಕು, ಕಾಯಬೇಕು, ಅಷ್ಟೇ. ಎಸ್ಟೀಮ್ ಎಂಜಿನ್ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಅದರ ಜೊತೆ ಗೇರ್‌ಬಾಕ್ಸ್, ಡ್ರೈವ್‌ಶಾಫ್ಟ್, ಮೌಂಟಿಂಗ್, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, ರೇಡಿಯೇಟರ್, ಸೈಲೆನ್ಸರ್ ಎಲ್ಲ ಬದಲಾಗುತ್ತದೆ, ಒಂದೊಂದನ್ನೂ ಲೇತ್‌ನಲ್ಲಿ, ವೆಲ್ಡಿಂಗ್‌ನಲ್ಲಿ ಹೊಂದಿಸಬೇಕು, ಮತ್ತು ಆ ಮೆಕ್ಯಾನಿಕ್ ಅರ್ಧಕ್ಕೆ ಕೈಬಿಟ್ಟರೆ ಇನ್ನೊಬ್ಬ ಮುಟ್ಟುವುದಿಲ್ಲ. ಹೀಗೆ ಅರ್ಧಕ್ಕೆ ನಿಂತ ಕಾರುಗಳನ್ನು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ನೋಡಿದ್ದೇನೆ, ತಾಡಪತ್ರಿ ಹೊದ್ದು ಕೂತಿರುತ್ತವೆ.

ಕಾಗದದ ತೊಂದರೆ ಇದಕ್ಕಿಂತ ದೊಡ್ಡದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಹೇಳಿದ್ದಕ್ಕಿಂತ ಆರ್‌ಸಿ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ನಿಮ್ಮ ಕಾರಿಗೆ 15 ವರ್ಷ ಯಾವಾಗಲೋ ದಾಟಿದೆ, ಅಂದರೆ 5 ವರ್ಷಕ್ಕೊಮ್ಮೆ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ಎಂಜಿನ್ ನಂಬರ್ ನೋಡುತ್ತಾರೆ. ಅಲ್ಲಿ ಬೇರೆ ಕಂಪನಿಯ ಎಂಜಿನ್ ಕಂಡರೆ ಏನು ಹೇಳುತ್ತೀರಿ? ಅಪಘಾತವಾದರೆ ಇನ್ಶೂರೆನ್ಸ್‌ನವರೂ ಅದನ್ನೇ ಹಿಡಿದುಕೊಳ್ಳುತ್ತಾರೆ.

ಇರುವ ಎಂಜಿನ್ನಿನಲ್ಲೇ ಪವರ್ ಜಾಸ್ತಿ ಮಾಡುವ ಆಸೆ ಇದ್ದರೆ ಅದಕ್ಕೂ ಮಿತಿ ಇದೆ. ದೊಡ್ಡ ಸೈಲೆನ್ಸರ್, ಫಿಲ್ಟರ್ ಹಾಕಿದರೆ ಸದ್ದು ಜಾಸ್ತಿಯಾಗುತ್ತದೆ, ಎಳೆತ ಅಲ್ಲ. ಟರ್ಬೋ ಮಾತು ಎತ್ತಲೇಬೇಡಿ, ಆ ಪಿಸ್ಟನ್‌ಗಳು ಅದಕ್ಕೆ ಮಾಡಿದವಲ್ಲ. ಇದೇ ಕುಟುಂಬದ 16 ವಾಲ್ವ್ ಎಂಜಿನ್ 75 ಬಿಎಚ್‌ಪಿ ಕೊಡುತ್ತದೆ, ಆದರೆ ಅದು ನಮ್ಮಲ್ಲಿ ಸಿಗಬೇಕಲ್ಲ. ಇಬ್ಬರೇ ಕೂರುವ ಫೈಬರ್ ಬಾಡಿ ಕಾರಿಗೆ 60 ಸಾಕು. ಈಗ ದಮ್ಮಿಲ್ಲದಿರುವುದು ಎಂಜಿನ್ ಚಿಕ್ಕದು ಅಂತಲ್ಲ, ಕಂಪ್ರೆಷನ್ ಸೋರುತ್ತಿರಬೇಕು ಅಂತ ನನ್ನ ಅಂದಾಜು. ಉಳಿದ ದುಡ್ಡನ್ನು ಬ್ರೇಕ್, ಟಯರ್, ಸಸ್ಪೆನ್ಷನ್ ಬುಷ್‌ಗೆ ಹಾಕಿ, ಘಾಟಿಯ ತಿರುವಿನಲ್ಲಿ ಅದೇ ಕಾರು ಬೇರೆ ಥರ ಓಡುತ್ತದೆ.

ಎಂಜಿನ್ ಕೆಳಗಿಳಿದಾಗ ಕ್ಲಚ್, ವಾಟರ್ ಪಂಪ್, ಎಂಜಿನ್ ಮೌಂಟ್ ಬದಲಿಸಿಬಿಡಿ. ಪೆಟ್ರೋಲ್ ಪೈಪುಗಳನ್ನೂ ಎಥನಾಲ್ ತಡೆಯುವ ರಬ್ಬರಿನದು ಹಾಕಿಸಿ, ಈಗ ಬಂಕಿನಲ್ಲಿ ಬರುವುದು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಹಾಗೇ ಒಂದು ಸ್ಕ್ರೂಡ್ರೈವರ್ ಹಿಡಿದು ಕಾರಿನ ಅಡಿಗೆ ಹೋಗಿ, ಎಂಜಿನ್ ಮತ್ತು ಸಸ್ಪೆನ್ಷನ್ ಕೂರುವ ಕಬ್ಬಿಣವನ್ನು ಕುಕ್ಕಿ ನೋಡಿ. ಮೇಲಿನ ಫೈಬರ್‌ಗೆ ತುಕ್ಕಿಲ್ಲ, ಕೆಳಗೆ ಕಾರವಾರದ ಉಪ್ಪು ಗಾಳಿ ಏನು ಮಾಡಿದೆಯೋ! ಅದು ಪೊಳ್ಳಾಗಿದ್ದರೆ ಎಂಜಿನ್ನಿಗೆ ಒಂದು ರೂಪಾಯಿ ಹಾಕುವ ಮೊದಲು ಅದನ್ನು ಸರಿ ಮಾಡಿಸಬೇಕು.

ಮಳೆಗಾಲದಲ್ಲಿ ಮಾತ್ರ ಬಿಚ್ಚಿಸಬೇಡಿ. ಹೊಸದಾಗಿ ಬೋರ್ ಮಾಡಿದ ಸಿಲಿಂಡರ್‌ಗೆ ನಮ್ಮ ಹವೆಯಲ್ಲಿ ಬೆಳಗಾಗುವುದರೊಳಗೆ ಕೆಂಪು ಹಿಡಿಯುತ್ತದೆ. ಆಯಿಲ್ ಸವರಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟರೆ ಪರವಾಗಿಲ್ಲ, ಆದರೆ ಎಷ್ಟು ಗ್ಯಾರೇಜಿನವರು ಹಾಗೆ ಮಾಡುತ್ತಾರೆ? ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ.

ಸದ್ಯಕ್ಕೆ ನಾಲ್ಕು ಸಿಲಿಂಡರ್‌ನ ಕಂಪ್ರೆಷನ್ ನಂಬರ್, ಆಯಿಲ್ ಹಾಕುವ ಮೊದಲಿನದು, ಹಾಕಿದ ಮೇಲಿನದು ಎರಡನ್ನೂ ಇಲ್ಲಿ ಬರೆಯಿರಿ. ಕಾರಿನ ನಂಬರ್ ಗೋವಾದ್ದೋ ಕಾರವಾರದ ಕೆಎ-30ಯೋ ಅದನ್ನೂ ಹೇಳಿ. ಗೋವಾದ್ದಾದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿಯ ಟ್ಯಾಕ್ಸ್ ಕೆಲಸ ಮೊದಲು ಶುರು ಮಾಡಬೇಕಾಗುತ್ತದೆ.