ಇಂಗ್ಲೆಂಡಿನ ಹಳೆಯ ಬೋರ್ಡಿಂಗ್ ಶಾಲೆಗಳಲ್ಲಿ ಹೆಸರು ಮಾಡಿದ ಹೆಡ್‌ಮಾಸ್ಟರ್‌ಗಳು, ಮೇಷ್ಟ್ರುಗಳು ಯಾರು? ಅವರು ಅಂಥದ್ದೇನು ಮಾಡಿದರು?

ನೀವು ಇಂಥದ್ದೇ ಶಾಲೆ ಅಂತ ಕೇಳಿಲ್ಲ. ನಾನು ರಗ್ಬಿ ಶಾಲೆಯನ್ನೇ ತೆಗೆದುಕೊಳ್ಳುತ್ತೇನೆ. ಆ ಶಾಲೆಯ ಮೇಷ್ಟ್ರೊಬ್ಬರ ಹೆಸರನ್ನು ಬೆಂಗಳೂರಿನವರು ಈಗಲೂ ದಿನಾ ಹೇಳುತ್ತಾರೆ. ಬಿಷಪ್ ಕಾಟನ್ ಸ್ಕೂಲ್ ಅಂತೀವಲ್ಲ, ಆ ಕಾಟನ್ ರಗ್ಬಿಯಲ್ಲಿ 15 ವರ್ಷ ಪಾಠ ಹೇಳಿದವರು. ಆದರೆ ಅವರ ಬಗ್ಗೆ ಹೇಳಬೇಕಾದರೆ ಮೊದಲು ಅವರನ್ನು ಕೆಲಸಕ್ಕೆ ತೆಗೆದುಕೊಂಡವರ ಬಗ್ಗೆ ಹೇಳಬೇಕು.

ಅವರು ಥಾಮಸ್ ಅರ್ನಾಲ್ಡ್. 1828ರಲ್ಲಿ ರಗ್ಬಿಗೆ ಹೆಡ್‌ಮಾಸ್ಟರ್ ಆಗಿ ಬಂದರು. ಲಾರೆನ್ಸ್ ಶೆರಿಫ್ ಅನ್ನುವ ದಿನಸಿ ವ್ಯಾಪಾರಿ ಬಿಟ್ಟುಹೋದ ಹಣದಿಂದ 1567ರಲ್ಲಿ ಶುರುವಾದ ಶಾಲೆ ಅದು. ಆ ಕಾಲದ ಇಂಗ್ಲಿಷ್ ಬೋರ್ಡಿಂಗ್ ಶಾಲೆ ಅಂದರೆ ಶಿಸ್ತಿನ ಜಾಗ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಇರಲಿಲ್ಲ. 1797ರಲ್ಲಿ ಇದೇ ರಗ್ಬಿಯ ಹುಡುಗರು ಹೆಡ್‌ಮಾಸ್ಟರ್ ಕೋಣೆಯ ಬಾಗಿಲನ್ನು ಮದ್ದಿಟ್ಟು ಉಡಾಯಿಸಿದ್ದರು. ಅವರನ್ನು ಅಡಗಿಸಲು ಸೈನಿಕರೇ ಬರಬೇಕಾಯಿತು. ಹಗಲು ಮೇಷ್ಟ್ರ ಬೆತ್ತ, ರಾತ್ರಿ ದೊಡ್ಡ ಹುಡುಗರ ದರ್ಬಾರು. ಚಿಕ್ಕವರ ಪಾಡು ಕೇಳುವವರಿಲ್ಲ.

ಅರ್ನಾಲ್ಡ್ ಮಾಡಿದ ಮೊದಲ ಕೆಲಸ, ಆ ದೊಡ್ಡ ಹುಡುಗರನ್ನು ತನ್ನ ಕಡೆಗೆ ಎಳೆದುಕೊಂಡಿದ್ದು. ಮೇಲಿನ ತರಗತಿಯವರಿಗೆ ತಾವೇ ಪಾಠ ಮಾಡುತ್ತಿದ್ದರು. ಶಾಲೆಯ ಶಿಸ್ತಿನ ಹೊಣೆಯನ್ನು ಅವರ ಹೆಗಲಿಗೆ ಹಾಕಿದರು. ಹುಡುಗ ಹೇಳಿದ್ದನ್ನು ನಂಬುತ್ತಿದ್ದರು, ಮೇಲೆ ಸಾಕ್ಷಿ ಕೇಳುತ್ತಿರಲಿಲ್ಲ. 'ಅರ್ನಾಲ್ಡ್‌ಗೆ ಸುಳ್ಳು ಹೇಳೋದು ನಾಚಿಕೆಗೇಡು, ಅವರು ನಂಬಿಬಿಡ್ತಾರೆ' ಅನ್ನುವ ಮಾತು ಹುಡುಗರ ನಡುವೆ ಹುಟ್ಟಿಕೊಂಡಿತ್ತು. ಶಾಲೆ ನಡೆಸಿದವರಿಗೆ ಈ ಮಾತಿನ ಬೆಲೆ ಗೊತ್ತು.

ಅಂಥವರೂ ಒಮ್ಮೆ ಎಡವಿದರು. ಪರೀಕ್ಷೆಯಲ್ಲಿ ಒಬ್ಬ ಹುಡುಗ, ಈ ಭಾಗದ ಪಾಠ ನಮಗೆ ಆಗಿಲ್ಲ ಅಂದ. ಕ್ಲಾಸ್ ಮೇಷ್ಟ್ರು ಆಗಿದೆ ಅಂದರು. ಅರ್ನಾಲ್ಡ್ ಹುಡುಗನನ್ನು ಸುಳ್ಳುಗಾರ ಅಂದು 18 ಏಟು ಹೊಡೆದರು. ಆಮೇಲೆ ನೋಡಿದರೆ ಹುಡುಗ ಹೇಳಿದ್ದೇ ನಿಜ. ವಿಷಯ ಪತ್ರಿಕೆಗಳಿಗೂ ಹೋಯಿತು. ಅರ್ನಾಲ್ಡ್ ಇಡೀ ಶಾಲೆಯ ಮುಂದೆ ಕ್ಷಮೆ ಕೇಳಿದರು.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನೂ ಹೈಸ್ಕೂಲ್ ಮೇಷ್ಟ್ರಾಗಿದ್ದವನು. ಕೆಲವು ವರ್ಷ ಹಾಸ್ಟೆಲ್ ವಾರ್ಡನ್ ಕೆಲಸವನ್ನೂ ಮಾಡಿದ್ದೇನೆ. ಒಂದು ರಾತ್ರಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಹೊಟ್ಟೆನೋವು ಅಂದ. ಮರುದಿನ ಗಣಿತ ಪರೀಕ್ಷೆ ಇತ್ತು. ನೆಪ ಅಂದುಕೊಂಡು ಎಲ್ಲರ ಮುಂದೆ ಬೈದೆ. ಬೆಳಗಾಗುವಷ್ಟರಲ್ಲಿ ಅವನಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವನು ವಾಪಸ್ ಬಂದ ದಿನ ಊಟದ ಸಾಲಿನಲ್ಲಿ, ನಾನು ಬೈದಾಗ ಇದ್ದ ಅದೇ ಹುಡುಗರ ಎದುರಿಗೆ, ನನ್ನದು ತಪ್ಪಾಯ್ತು ಅಂದೆ. ಅವನು ತಲೆ ಎತ್ತಲಿಲ್ಲ. ಈಗಲೂ ಆ ತಟ್ಟೆ ಹಿಡಿದ ಕೈ ಕಣ್ಣಮುಂದೆ ಬರುತ್ತದೆ.

ಇರಲಿ, ಅರ್ನಾಲ್ಡ್ ವಿಷಯಕ್ಕೆ ಬರುತ್ತೇನೆ. ಅವರ ದೊಡ್ಡತನ ನನಗೆ ಕಾಣುವುದು ಮೇಷ್ಟ್ರುಗಳನ್ನು ಆರಿಸಿದ ರೀತಿಯಲ್ಲಿ. ಮೊದಲು ಹುಡುಗರ ವಸತಿ ಮನೆಗಳನ್ನು ಬಾಡಿಗೆಗೆ ನಡೆಸುವ ಹೆಂಗಸರು ನೋಡಿಕೊಳ್ಳುತ್ತಿದ್ದರು. ಅರ್ನಾಲ್ಡ್ ಅವನ್ನು ಮೇಷ್ಟ್ರುಗಳ ಕೈಗೆ ಕೊಟ್ಟರು. ಸಂಬಳ ಏರಿಸಿದರು. ಎಲ್ಲ ಮೇಷ್ಟ್ರುಗಳನ್ನೂ ಆಗಾಗ ಸೇರಿಸಿ ಶಾಲೆಯ ವಿಷಯ ಚರ್ಚೆ ಮಾಡುತ್ತಿದ್ದರು. ಇವತ್ತಿಗೆ ಇದು ಮಾಮೂಲು ಅನ್ನಿಸುತ್ತದೆ ಅಲ್ವಾ? ಆಗ ಹಾಗಿರಲಿಲ್ಲ. 1842ರ ಜೂನ್ 12ರಂದು ಹೃದಯದ ಬೇನೆಯಿಂದ ತೀರಿಕೊಂಡರು. ಮರುದಿನ ಅವರಿಗೆ 47 ತುಂಬುತ್ತಿತ್ತು. ಹೆಡ್‌ಮಾಸ್ಟರ್ ಆಗಿದ್ದು ಬರೀ 14 ವರ್ಷ.

ಅವರ ನಂತರ ಬಂದವರು ಆರ್ಚಿಬಾಲ್ಡ್ ಟೇಟ್. ರಗ್ಬಿ ಆಟದ ನಿಯಮಗಳನ್ನು ಮೊದಲ ಬಾರಿ ಬರೆದಿಟ್ಟಿದ್ದು ಇವರ ಕಾಲದಲ್ಲಿ, 1845ರಲ್ಲಿ. ಬರೆದವರು ಹುಡುಗರೇ. 1858ರಿಂದ 1869ರವರೆಗೆ ಫ್ರೆಡರಿಕ್ ಟೆಂಪಲ್ ಇದ್ದರು. ಅರ್ನಾಲ್ಡ್‌ಗೆ ವಿಜ್ಞಾನ ಪಾಠದ ಮೇಲೆ ಅಷ್ಟು ಒಲವಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಟೆಂಪಲ್. ಒಬ್ಬ ಹುಡುಗ ಇವರ ಬಗ್ಗೆ ಮನೆಗೆ ಬರೆದ ಮಾತು ಪ್ರಸಿದ್ಧ: ಮನುಷ್ಯ ಮೃಗವೇ ಸರಿ, ಆದರೆ ನ್ಯಾಯವಂತ ಮೃಗ! ಇನ್ನು ಎಡ್ವರ್ಡ್ ವೈಟ್ ಬೆನ್ಸನ್ ಇಲ್ಲಿ ಹೆಡ್‌ಮಾಸ್ಟರ್ ಆದವರಲ್ಲ. 1850ರ ದಶಕದಲ್ಲಿ ಸಹಾಯಕ ಮೇಷ್ಟ್ರಾಗಿದ್ದು, ಆಮೇಲೆ ವೆಲಿಂಗ್ಟನ್ ಕಾಲೇಜಿನ ಮೊದಲ ಹೆಡ್‌ಮಾಸ್ಟರ್ ಆಗಿ ಹೋದರು.

ಈ ಮೂವರನ್ನು ಒಟ್ಟಿಗೆ ಹೇಳಿದ್ದಕ್ಕೆ ಕಾರಣ ಇದೆ. ಇಂಗ್ಲೆಂಡಿನ ಚರ್ಚಿನಲ್ಲಿ ಎಲ್ಲಕ್ಕಿಂತ ಮೇಲಿನ ಗುರುಪೀಠ ಕ್ಯಾಂಟರ್ಬರಿಯದು. 1868ರಲ್ಲಿ ಆ ಪೀಠಕ್ಕೆ ಟೇಟ್ ಏರಿದರು. 1883ರಲ್ಲಿ ಬೆನ್ಸನ್. 1896ರಲ್ಲಿ ಟೆಂಪಲ್. ಒಂದೇ ಶಾಲೆಯಲ್ಲಿ ಪಾಠ ಹೇಳಿದ ಮೂರು ಜನ, ಒಬ್ಬರ ಹಿಂದೆ ಒಬ್ಬರು!

ಈಗ ಕಾಟನ್. ಪೂರ್ತಿ ಹೆಸರು ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್. ಹುಟ್ಟಿದ್ದು 1813ರಲ್ಲಿ, ಚೆಸ್ಟರ್ ಊರಿನಲ್ಲಿ. ಕೇಂಬ್ರಿಜ್‌ನಲ್ಲಿ ಓದು ಮುಗಿಸಿ 1837ರಲ್ಲಿ ರಗ್ಬಿಗೆ ಬಂದರು. ಆಗ ವಯಸ್ಸು 24 ಕೂಡ ತುಂಬಿರಲಿಲ್ಲ. ಥಾಮಸ್ ಹ್ಯೂಸ್ ಬರೆದ 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿ ಇದೇ ಶಾಲೆಯ ಕಥೆ. ಅದರಲ್ಲಿ ಹೆಸರು ಹೇಳದೆ ಬರುವ ಯುವ ಮೇಷ್ಟ್ರು ಕಾಟನ್ ಅವರೇ ಅನ್ನುತ್ತಾರೆ.

ಅವರ ನಿಜವಾದ ಪರೀಕ್ಷೆ ರಗ್ಬಿಯಲ್ಲಿ ಆಗಲಿಲ್ಲ, ಮಾರ್ಲ್‌ಬರೋ ಕಾಲೇಜಿನಲ್ಲಿ ಆಯಿತು. ಕಾಲೇಜು ಅಂತ ಹೆಸರಿದ್ದರೂ ಅದೂ ಬೋರ್ಡಿಂಗ್ ಶಾಲೆಯೇ. ಪಾದ್ರಿಗಳ ಮಕ್ಕಳಿಗೆ ಕಡಿಮೆ ಖರ್ಚಿನಲ್ಲಿ ಓದಿಸಲು 1843ರಲ್ಲಿ ಶುರುವಾಗಿತ್ತು. ಕೆಲವೇ ವರ್ಷದಲ್ಲಿ ಹುಡುಗರ ಸಂಖ್ಯೆ ಸುಮಾರು 500 ಆಯಿತು. ನೋಡಿಕೊಳ್ಳುವ ಮೇಷ್ಟ್ರುಗಳು ಸಾಲಲಿಲ್ಲ. ಚಳಿ, ಅರೆಹೊಟ್ಟೆ, ಬೆತ್ತ. ಬಿಡುವು ಸಿಕ್ಕರೆ ಹುಡುಗರು ಸೀಸದ ತಲೆಯ ಕೋಲು ಹಿಡಿದು ಸುತ್ತಲಿನ ಹೊಲ ಕಾಡು ಅಲೆದು ಅಳಿಲು, ಹಕ್ಕಿ ಹೊಡೆಯುತ್ತಿದ್ದರು. ರೈತರ ಜೊತೆ ಜಗಳ ಬೇರೆ. 1851ರಲ್ಲಿ ದಂಗೆಯೇ ಆಯಿತು. ಪಟಾಕಿ ಸಿಡಿಸಿದರು, ಕಿಟಕಿ ಒಡೆದರು. ಮೊದಲ ಹೆಡ್‌ಮಾಸ್ಟರ್ ರಾಜೀನಾಮೆ ಕೊಟ್ಟರು. ಶಾಲೆಯ ತಲೆ ಮೇಲೆ ಸಾಲ ಇತ್ತು.

1852ರಲ್ಲಿ ಕಾಟನ್ ಅಲ್ಲಿಗೆ ಹೋದರು. ರಗ್ಬಿಯಲ್ಲಿ ತಮ್ಮ ಕೈಕೆಳಗೆ ಓದಿದವರನ್ನೂ, ಗೊತ್ತಿದ್ದ ಬೇರೆ ಯುವಕರನ್ನೂ ಮೇಷ್ಟ್ರಾಗಿ ಬನ್ನಿ ಅಂದು ಕರೆದರು. ಸಂಬಳ ಕಡಿಮೆ, ಕೆಲಸ ಜಾಸ್ತಿ. ಆದರೂ ಬಂದರು. ನನಗೆ ಈ ಸಂಗತಿ ತುಂಬ ಇಷ್ಟ. ಕರೆದವರ ಮೇಲೆ ನಂಬಿಕೆ ಇಲ್ಲದೆ ಯಾರೂ ಅಂಥ ಶಾಲೆಗೆ ಹೋಗುವುದಿಲ್ಲ. ಮುಂದಿನ ವರ್ಷ ಕಾಟನ್ ಹುಡುಗರ ತಂದೆತಾಯಿಗೆ ಒಂದು ಪತ್ರ ಬರೆದರು. ಹುಡುಗರು ಸುಮ್ನೆ ಅಲೆಯುವ ಬದಲು ಶಾಲೆಯ ಮೈದಾನದಲ್ಲೇ ಕ್ರಿಕೆಟ್, ಫುಟ್‌ಬಾಲ್ ಆಡಲಿ ಅನ್ನುವುದು ಅದರ ಮುಖ್ಯ ಮಾತು. ಯುವ ಮೇಷ್ಟ್ರುಗಳೂ ಹುಡುಗರ ಜೊತೆ ಮೈದಾನಕ್ಕಿಳಿದರು. ಪಾಠದಷ್ಟೇ ಆಟವೂ ಮುಖ್ಯ ಅನ್ನುವ ಪದ್ಧತಿ ಇಂಗ್ಲಿಷ್ ಶಾಲೆಗಳಲ್ಲಿ ಬೆಳೆದದ್ದರಲ್ಲಿ ಮಾರ್ಲ್‌ಬರೋದ ಪಾಲು ದೊಡ್ಡದು. ಆ ಕೀರ್ತಿಯನ್ನು ಎಷ್ಟೋ ಜನ ಅರ್ನಾಲ್ಡ್‌ಗೆ ಕೊಡುತ್ತಾರೆ. ಆದರೆ ಅರ್ನಾಲ್ಡ್‌ಗೆ ಆಟದ ಹುಚ್ಚೇನೂ ಇರಲಿಲ್ಲ. ಅದು ಸಲ್ಲಬೇಕಾದದ್ದು ಕಾಟನ್‌ಗೆ.

1858ರಲ್ಲಿ ಕಾಟನ್ ಕಲ್ಕತ್ತದ ಬಿಷಪ್ ಆಗಿ ಭಾರತಕ್ಕೆ ಬಂದರು. ಬಿಷಪ್ ಆದರೂ ಮೇಷ್ಟ್ರ ಬುದ್ಧಿ ಬಿಡಲಿಲ್ಲ. ಇಲ್ಲಿದ್ದ ಯೂರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಲ್ಲಿ ಇಂಗ್ಲೆಂಡಿಗೆ ಹೋಗಿ ಓದುವ ಶಕ್ತಿ ಇಲ್ಲದವರೇ ಬಹಳ. ಅವರಿಗಾಗಿ ಬೆಟ್ಟದೂರುಗಳಲ್ಲಿ, ತಂಪು ಹವೆಯ ಕಡೆ ಬೋರ್ಡಿಂಗ್ ಶಾಲೆಗಳು ಬೇಕು ಅಂತ ದುಡಿದರು. ಶಿಮ್ಲಾದ ಶಾಲೆ 1859ರದು. ನಮ್ಮ ಬೆಂಗಳೂರಿನದು 1865ರದು. ಅದನ್ನು ಕಟ್ಟಿದವರು ಸೇಂಟ್ ಮಾರ್ಕ್ಸ್ ಚರ್ಚಿನ ಪಾದ್ರಿ ಸ್ಯಾಮ್ಯುಯೆಲ್ ಪೆಟಿಗ್ರೂ. ಹೆಸರು ಮಾತ್ರ ಕಾಟನ್ ಅವರದು.

ಮರುವರ್ಷವೇ, 1866ರ ಅಕ್ಟೋಬರ್ 6ರಂದು, ಕಾಟನ್ ಬಂಗಾಳದ ಕುಷ್ಟಿಯಾದಲ್ಲಿ ಒಂದು ಸ್ಮಶಾನವನ್ನು ಪವಿತ್ರಗೊಳಿಸುವ ವಿಧಿ ಮುಗಿಸಿ ವಾಪಸ್ ಬರುತ್ತಿದ್ದರು. ಮುಸ್ಸಂಜೆ. ದಡದಿಂದ ಸ್ಟೀಮರಿಗೆ ಹಲಗೆ ಹಾಸಿದ್ದರು. ಕಾಲು ಜಾರಿ ಗೊರಾಯಿ ನದಿಗೆ ಬಿದ್ದರು. ಸೆಳವು ಜೋರಾಗಿತ್ತು. ದೇಹ ಸಿಗಲೇ ಇಲ್ಲ. ವಯಸ್ಸು ಇನ್ನೂ 52.

ಬೆಂಗಳೂರಿನ ಶಾಲೆಯ ಕಥೆ ಅಲ್ಲಿಂದ ಮುಂದೆ ಬೇರೆಯೇ ಆಗುತ್ತದೆ. 1870ರ ದಶಕದಲ್ಲಿ ಅದನ್ನು ನಡೆಸಿದವರು ಜಿ.ಯು. ಪೋಪ್, ತಿರುಕ್ಕುರಳ್ ಅನ್ನು ಇಂಗ್ಲಿಷಿಗೆ ತಂದ ವಿದ್ವಾಂಸರು. ಕೊಡಗಿನ ಜನರಲ್ ತಿಮ್ಮಯ್ಯ ಓದಿದ್ದೂ ಅಲ್ಲೇ. ಪೋಪ್ ಬಗ್ಗೆ ನೀವು ಬೇರೆ ಪ್ರಶ್ನೆ ಕೇಳಿದರೆ ಖಂಡಿತ ಬರೆಯುತ್ತೇನೆ. ಅವರದು ಇಲ್ಲಿ ಹಿಡಿಸುವ ಬದುಕಲ್ಲ.